ಹಳೆ ಜೀಪಿಗೆ ಹೊಸ ಬುಷ್: ನಟ್ ಬಿಗಿ ಮಾಡೋದು ಗಾಡಿ ಇಳಿಸಿದ ಮೇಲೆ

ಲೀಫ್ ಸ್ಪ್ರಿಂಗ್‌ಗೆ (ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು) ಹೊಸ ರಬ್ಬರ್ ಬುಷ್ (ಸ್ಪ್ರಿಂಗಿನ ತುದಿಯ ತೂತಿನೊಳಗೆ, ಪಿನ್ ಸುತ್ತ ಕೂರುವ ಕೊಳವೆ) ಹಾಕುವಾಗ, ಗಾಡಿ ಜಾಕ್ ಮೇಲಿದ್ದಾಗಲೇ ನಟ್ ಪೂರ್ತಿ ಬಿಗಿ ಮಾಡಬೇಡಿ. ಕೈಯಲ್ಲಿ ತಿರುಗಿಸಿ ಬಿಡಿ. ನಾಲ್ಕೂ ಚಕ್ರ ಸಮ ನೆಲಕ್ಕೆ ಇಳಿದ ಮೇಲೆ ಬಂಪರ್ ಒತ್ತಿ ಒಂದೆರಡು ಸಲ ಕುಲುಕಿಸಿ, ಆಮೇಲೆ ಸ್ಪ್ಯಾನರ್ ಹಾಕಿ. ಬಿಗಿ ಮಾಡಿದ ಮೇಲೆ ಈ ರಬ್ಬರ್ ಪಿನ್ ಸುತ್ತ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಸ್ಪ್ರಿಂಗ್ ಜೋತುಬಿದ್ದಾಗ ಬಿಗಿದರೆ, ಗಾಡಿ ಸುಮ್ನೆ ನಿಂತಿದ್ದರೂ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಮೂಡಿಗೆರೆ, ಸಕಲೇಶಪುರದ ತೋಟದ ದಾರಿಗಳಲ್ಲಿ ಅದು ಹರಿಯಲು ಜಾಸ್ತಿ ದಿನ ಬೇಡ. ಬುಷ್ ಒಳಗೆ ಹೋಗಲು ಸೋಪಿನ ನೀರು ಸಾಕು. ಗ್ರೀಸ್, ಇಂಜಿನ್ ಆಯಿಲ್ ತಾಗಿಸಲೇಬೇಡಿ, ಮಾಮೂಲಿ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹಳೇ ಪಿನ್ ಮೇಲೆ ಉಗುರು ಎಳೆದು ನೋಡಿ. ಗೀರು ಸಿಕ್ಕರೆ ಪಿನ್ನೂ ಬದಲಿಸಿ. ಸ್ಪ್ರಿಂಗಿನ ಕಣ್ಣು, ಅಂದ್ರೆ ಬುಷ್ ಕೂರುವ ತೂತು, ಸವೆದು ಮೊಟ್ಟೆಯಾಕಾರ ಆಗಿದ್ದರೆ ಮಾತ್ರ ಈ ಉಪಾಯ ಕೆಲಸ ಮಾಡಲ್ಲ, ಆ ಕಣ್ಣಿರುವ ಪಟ್ಟಿಯನ್ನೇ (ಮೇನ್ ಪ್ಲೇಟ್) ಬದಲಿಸಬೇಕು. ಹಿತ್ತಾಳೆ ಬುಷ್ ಇದ್ದವರಿಗೂ ಇದು ಅನ್ವಯಿಸಲ್ಲ. ಅದು ಪಿನ್ ಮೇಲೆ ತಿರುಗುವ ಬುಷ್, ಅದಕ್ಕೆ ಗ್ರೀಸ್ ಬೇಕೇ ಬೇಕು. ಮಳೆಗಾಲದಲ್ಲಿ ಕೆಸರಲ್ಲಿ ಓಡಿಸಿ ಬಂದ ಮೇಲಂತೂ ನಿಪ್ಪಲ್‌ಗೆ (ಗ್ರೀಸ್ ತುಂಬುವ ಸಣ್ಣ ಬಾಯಿ) ಗ್ರೀಸ್ ಗನ್ ಹಾಕಿ, ಹಳೇ ಕೊಳೆ ಗ್ರೀಸ್ ಹೊರಗೆ ಬರುವವರೆಗೂ ತುಂಬಿಸಿ.