"ಹೊಸ ಔಷಧಿ ಸಿಕ್ತಂತೆ" ಅಂತ ಫಾರ್ವರ್ಡ್ ಬಂದ್ರೆ ಹೇಗೆ ಓದೋದು

ಮನೇಲಿ ಯಾರಿಗಾದ್ರೂ ಮರೆವಿನ ಕಾಯಿಲೆನೋ ಪಾರ್ಕಿನ್ಸನ್ನೋ ಡಿಪ್ರೆಶನ್ನೋ ಇದೆ ಅಂತ ಗೊತ್ತಾದ್ರೆ ಸಾಕು, "ವಿಜ್ಞಾನಿಗಳು ಔಷಧಿ ಕಂಡುಹಿಡಿದ್ರಂತೆ ನೋಡಿ" ಅಂತ ಫಾರ್ವರ್ಡ್ ಬರೋಕೆ ಶುರು. ಕಳ್ಸೋರ ಮನಸ್ಸು ಒಳ್ಳೇದೇ ಬಿಡಿ, ಆದ್ರೆ ಆಸೆ ಇಟ್ಕೊಂಡು ಆಮೇಲೆ ಪೆಚ್ಚಾಗೋರು ನಾವು. ಅದಕ್ಕೆ ನಾನೀಗ ಅಂಥ ಸುದ್ದೀನ ಹೇಗೆ ಓದ್ತೀನಿ ಅಂತ ಬರೀತೀನಿ.

ಮೊದಲು ನೋಡೋದು, ಯಾರ ಮೇಲೆ ಪ್ರಯೋಗ ಮಾಡಿದ್ದು ಅಂತ. ಹೆಡ್‌ಲೈನಲ್ಲಿ ಇರಲ್ಲ, ನಾಕನೇ ಪ್ಯಾರಾದಲ್ಲಿ ಮೆಲ್ಲಗೆ "ಇಲಿಗಳಲ್ಲಿ" ಅಂತ ಇರತ್ತೆ. ಇಲಿಗೆ ನಮ್ಮ ಹಾಗೆ ಆಲ್ಝೈಮರ್ ಬರಲ್ಲ, ಜೀನ್ ಬದಲಾಯಿಸಿ ಮಿದುಳಲ್ಲಿ ಅಮಿಲಾಯ್ಡ್ (ಆಲ್ಝೈಮರ್ ಇರೋರ ಮಿದುಳಲ್ಲಿ ಗಂಟುಗಂಟಾಗಿ ಸೇರೋ ಪ್ರೋಟೀನ್) ಕಟ್ಕೊಳ್ಳೋ ಹಾಗೆ ಮಾಡಿರ್ತಾರೆ. ಡಿಪ್ರೆಶನ್ ಔಷಧಿಗಂತೂ ಇಲೀನ ನೀರಿಗೆ ಬಿಟ್ಟು ಎಷ್ಟೊತ್ತು ಈಜತ್ತೆ, ಯಾವಾಗ ಸುಮ್ನೆ ತೇಲತ್ತೆ ಅಂತ ಲೆಕ್ಕ ಹಾಕೋ ಟೆಸ್ಟ್ ಇದೆ, ಅದನ್ನ ನೋಡಿ ಮನುಷ್ಯರ ಬೇಜಾರು ಅಳೀಬೇಕು! ಹಾಗಂತ ಪ್ರಾಣಿ ಪ್ರಯೋಗ ಎಲ್ಲಾ ವೇಸ್ಟ್ ಅಂತಲ್ಲ. ಜಾನ್ ಕೇಡ್ ಅನ್ನೋ ಆಸ್ಟ್ರೇಲಿಯಾದ ಡಾಕ್ಟ್ರು ಗಿನಿಪಿಗ್‌ಗೆ ಲಿಥಿಯಂ ಚುಚ್ಚಿ, ಅವು ಮಂಕಾಗಿದ್ದು ನೋಡಿ, ಆಮೇಲೆ ಉನ್ಮಾದ ಇರೋ ರೋಗಿಗಳಿಗೆ ಕೊಟ್ಟು 1949ರಲ್ಲಿ ಬರೆದ್ರು, ಉನ್ಮಾದ, ಡಿಪ್ರೆಶನ್ ಎರಡೂ ಬಂದು ಹೋಗೋ ಬೈಪೋಲಾರ್ ಕಾಯಿಲೆಗೆ ಇವತ್ತಿಗೂ ಅದನ್ನ ಕೊಡ್ತಾರೆ.

ಮನುಷ್ಯರ ಮೇಲೇ ಮಾಡಿದ್ರೆ ಎಷ್ಟು ಜನ, ಯಾವ ಹಂತ ಅಂತ ನೋಡಿ. ಡಿಮೆಬಾನ್ ಅಂತ ಆಲ್ಝೈಮರ್‌ಗೆ ಒಂದು ಔಷಧಿ ಇತ್ತು, ಎರಡನೇ ಹಂತದಲ್ಲಿ 183 ಜನರಲ್ಲಿ ಭಾರಿ ಚೆನ್ನಾಗಿ ಕೆಲಸ ಮಾಡ್ತು, 2010ರಲ್ಲಿ ಮೂರನೇ ಹಂತದ ದೊಡ್ಡ ಟ್ರಯಲ್ ಬಂದಾಗ ಏನೂ ಇಲ್ಲ.

ಈಗ ಪರ್ಸೆಂಟ್ ವಿಷ್ಯ, ಇಲ್ಲೇ ಎಲ್ಲರೂ ಜಾರೋದು. ಲೆಕಾನೆಮ್ಯಾಬ್ ಅನ್ನೋ ಆಲ್ಝೈಮರ್ ಔಷಧಿ "ಮರೆವಿನ ವೇಗ 27% ಕಮ್ಮಿ ಮಾಡ್ತು" ಅಂತ 2022ರಲ್ಲಿ ಸುದ್ದಿ ಬಂತಲ್ಲ, ಸುಳ್ಳಲ್ಲ ಅದು. ಸುಮಾರು 1,800 ಜನ, 18 ತಿಂಗಳು, ಕಾಯಿಲೆ ಶುರುವಿನಲ್ಲಿರೋರು. ಆದ್ರೆ ಅಳೆದಿದ್ದು 18 ಅಂಕದ ಒಂದು ಸ್ಕೇಲಲ್ಲಿ: ನೆನಪು, ಮನೆಕೆಲಸ, ಸ್ವಂತ ಆರೈಕೆ ಅಂತ ಆರು ವಿಭಾಗ, ಒಂದೊಂದಕ್ಕೂ 0ಯಿಂದ 3. ಅಂಕ ಏರಿದಷ್ಟೂ ಕಾಯಿಲೆ ಜಾಸ್ತಿ ಅಂತ ಅರ್ಥ. ಡಮ್ಮಿ ಔಷಧಿ ತಗೊಂಡೋರ ಅಂಕ 1.66 ಏರ್ತು, ನಿಜವಾದ ಔಷಧಿಯವರದ್ದು 1.21. ವ್ಯತ್ಯಾಸ 0.45. ಆ ಸ್ಕೇಲಲ್ಲಿ ಡಾಕ್ಟರ್ ಹಾಕಬಹುದಾದ ಅತಿ ಚಿಕ್ಕ ಅಂಕವೇ 0.5! ಆ ಟ್ರಯಲಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್, ಮಧ್ಯೆ ಮಧ್ಯೆ ಎಂಆರ್‌ಐ, ನೂರಕ್ಕೆ ಸುಮಾರು 13 ಜನರಿಗೆ ಸ್ಕ್ಯಾನಲ್ಲಿ ಮಿದುಳಿನ ಬಾವು ಕಾಣ್ತು (ಬಹುಪಾಲು ಜನಕ್ಕೆ ಲಕ್ಷಣ ಏನೂ ಇರ್ಲಿಲ್ಲ, ಅದೂ ಹೇಳ್ಬೇಕು). ಇಷ್ಟಕ್ಕೂ ಬೇಕು ಅನ್ನೋರು ಇದ್ದಾರೆ, ಬೇಡ ಅನ್ನೋರೂ ಇದ್ದಾರೆ, ನನಗೆ ಇಬ್ಬರೂ ತಪ್ಪು ಅನ್ಸಲ್ಲ. ನಾನು ಹೇಳೋದಿಷ್ಟೇ, ಪರ್ಸೆಂಟ್ ಕಂಡ ತಕ್ಷಣ "ಎಷ್ಟು ಅಂಕಕ್ಕೆ ಎಷ್ಟು ಅಂಕ?" ಅಂತ ಹುಡುಕಿ.

ಡಮ್ಮಿ ಗುಂಪು ಇಲ್ದೇ ಇರೋ ಡಿಪ್ರೆಶನ್ ಸ್ಟಡೀನ ನಾನು ಓದೋದೇ ಇಲ್ಲ, ಯಾಕಂದ್ರೆ ಬರೀ ಡಮ್ಮಿ ಮಾತ್ರೆಗೇ ಎಷ್ಟೋ ಜನ ಸುಧಾರಿಸ್ತಾರೆ.

ಕೊನೇದು, ಕಾಣ್ದೇ ಇರೋ ಸ್ಟಡಿಗಳು. ಔಷಧಿಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸಂಸ್ಥೆ ಎಫ್‌ಡಿಎ ಹತ್ರ ರಿಜಿಸ್ಟರ್ ಆಗಿದ್ದ ಡಿಪ್ರೆಶನ್ ಔಷಧಿಗಳ 74 ಸ್ಟಡಿಗಳನ್ನ 2008ರಲ್ಲಿ ಎಣಿಸಿ ನೋಡಿದ್ರು. ಚೆನ್ನಾಗಿ ಬಂದ 38ರಲ್ಲಿ 37 ಪ್ರಿಂಟ್ ಆಗಿತ್ತು, ಉಳಿದ 36ರಲ್ಲಿ 22 ಎಲ್ಲೂ ಬರ್ಲೇ ಇಲ್ಲ, 11 ಒಳ್ಳೆ ರಿಸಲ್ಟ್ ಅನ್ನೋ ಥರ ಬಂತು. ಅದಕ್ಕೇ ಟ್ರಯಲ್‌ಗಳನ್ನ ರಿಜಿಸ್ಟರ್ ಮಾಡೋ ಅಮೆರಿಕ ಸರ್ಕಾರದ ವೆಬ್‌ಸೈಟ್ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ಗೆ ಹೋಗಿ ಔಷಧಿ ಹೆಸರು ಟೈಪ್ ಮಾಡಿ, ಮುಗಿದ ಟ್ರಯಲ್‌ಗೆ ರಿಸಲ್ಟ್ ಹಾಕಿದಾರಾ, ಶುರುವಲ್ಲಿ "ಇದನ್ನ ಅಳೀತೀವಿ" ಅಂದಿದ್ದನ್ನ ಮಧ್ಯದಲ್ಲಿ ಬದಲಾಯಿಸಿದಾರಾ ನೋಡಿ, ಹಳೇ ವರ್ಶನ್ನುಗಳೂ ಅಲ್ಲೇ ಸಿಗತ್ತೆ.

ಇಷ್ಟಾದ್ಮೇಲೂ ಭರವಸೆ ಉಳಿದ್ರೆ ಔಷಧಿ ಹೆಸರು, ಹಂತ, ಆ ಅಂಕ ಮೂರನ್ನೂ ಚೀಟೀಲಿ ಬರ್ಕೊಂಡು ಡಾಕ್ಟ್ರಿಗೆ ತೋರ್ಸಿ, ಅವರು ನೋಡೋವರೆಗೂ ಈಗ ತಗೋತಿರೋ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ.