ತತ್ವಶಾಸ್ತ್ರದ ಉಪನ್ಯಾಸ ಕೇಳಿ ಸಂಶೋಧನೆಗೆ ಸೇರುವುದು ಹೇಗೆ?

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ತತ್ವಶಾಸ್ತ್ರದ ಸಂಶೋಧನೆಗೆಂದು ಹೊರಡುವ ಹುಡುಗ ಹುಡುಗಿಯರು ಅರ್ಜಿ ಹಾಕುತ್ತಾರೆ, ಸಂದರ್ಶನಕ್ಕೂ ಹೋಗುತ್ತಾರೆ, ಬರಿಗೈಯಲ್ಲಿ ಮರಳುತ್ತಾರೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾದವರೂ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಮುಗ್ಗರಿಸುವ ಜಾಗ ಹೆಚ್ಚಾಗಿ ಒಂದೇ. ಅವರ ಸಂಶೋಧನೆಯ ಕಿರುಯೋಜನೆಯಲ್ಲಿ, ಅಂದರೆ ಸಿನಾಪ್ಸಿಸ್‌ನಲ್ಲಿ ವಿಷಯ ಇರುತ್ತದೆ, ಪ್ರಶ್ನೆ ಇರುವುದಿಲ್ಲ. ಪ್ರಶ್ನೆ ಹುಟ್ಟಲು ಗ್ರಂಥಾಲಯದಷ್ಟೇ ಒಳ್ಳೆಯ ಜಾಗ ಉಪನ್ಯಾಸದ ಸಭಾಂಗಣ. ಕೆಲಸ ಅಲ್ಲಿಂದ ಶುರುವಾಗಲಿ.

ಉಪನ್ಯಾಸ ಎಲ್ಲಿ ಸಿಗುತ್ತದೆ?

ಕಾಸರಗೋಡಿನಿಂದ ತೆಂಕಲಾಗಿ ರೈಲು ಹತ್ತಿದರೆ ತಲಶ್ಶೇರಿಯ ಸರಕಾರಿ ಬ್ರೆಣ್ಣನ್ ಕಾಲೇಜಿನಲ್ಲಿ ತತ್ವಶಾಸ್ತ್ರ ವಿಭಾಗವಿದೆ. ಅದರಾಚೆ ತೇಞಿಪ್ಪಲದ ಕಲ್ಲಿಕೋಟೆ ವಿಶ್ವವಿದ್ಯಾಲಯ, ಕಾಲಡಿಯ ಶ್ರೀ ಶಂಕರಾಚಾರ್ಯ ಸಂಸ್ಕೃತ ವಿಶ್ವವಿದ್ಯಾಲಯ. ಬಡಗಲಾಗಿ ಹೋದರೆ ಮಣಿಪಾಲದ ಮಾನವಿಕ ಅಧ್ಯಯನ ಕೇಂದ್ರ. ಕನ್ನಡ ಬಲ್ಲ ಅಧ್ಯಾಪಕರೊಡನೆ ಮಾತಾಡಬೇಕಿದ್ದರೆ ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲೂ ನಡೆಯುವ ಸಾಹಿತ್ಯ, ಭಾಷೆಯ ಉಪನ್ಯಾಸಗಳನ್ನು ಬಿಡಬೇಡಿ. ಅರ್ಥ ಎಂದರೇನು, ಅನುವಾದ ಸಾಧ್ಯವೇ ಎಂಬಂಥ ಚರ್ಚೆ ತತ್ವಶಾಸ್ತ್ರವೇ.

ನವೆಂಬರದ ಮೂರನೇ ಗುರುವಾರ ವಿಶ್ವ ತತ್ವಶಾಸ್ತ್ರ ದಿನ. ಆ ವಾರದ ಆಸುಪಾಸಿನಲ್ಲಿ ವಿಭಾಗಗಳಲ್ಲಿ ಉಪನ್ಯಾಸ ಇದ್ದೇ ಇರುತ್ತದೆ. ಆನ್‌ಲೈನ್ ಉಪನ್ಯಾಸ, ವಿದೇಶದ ಸಮ್ಮೇಳನಗಳಿಗೆ ಫಿಲ್‌ಇವೆಂಟ್ಸ್ ತಾಣ, ವಿದೇಶದ ಹುದ್ದೆಗಳಿಗೆ ಫಿಲ್‌ಜಾಬ್ಸ್ ನೋಡಿ. ಎರಡನ್ನೂ ಉಚಿತವಾಗಿ ನೋಡಬಹುದು.

ಕೇಳುವ ಕ್ರಮ

ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಭಾಷಣಕಾರರು ಹೇಳಿದ್ದು, ಬಲಕ್ಕೆ ಅದಕ್ಕೆ ಕೊಟ್ಟ ಕಾರಣ. ಬಲಗಡೆ ಖಾಲಿ ಉಳಿದ ಸಾಲಿನ ಎದುರು ಒಂದು ಚುಕ್ಕೆ ಇಡಿ. ನಿಮ್ಮ ಪ್ರಶ್ನೆ ಅಲ್ಲೇ ಎಲ್ಲೋ ಇದೆ. ಪರದೆಯ ಸ್ಲೈಡುಗಳ ಫೋಟೋ ತೆಗೆಯುವುದರಲ್ಲೇ ಮುಕ್ಕಾಲು ಗಂಟೆ ಕಳೆಯುವವರಿಗೆ ಈ ಖಾಲಿ ಜಾಗ ಕಾಣುವುದಿಲ್ಲ.

ಪ್ರಶ್ನೋತ್ತರದಲ್ಲಿ ಒಂದೇ ಪ್ರಶ್ನೆ, ಅರ್ಧ ನಿಮಿಷ. ಮೊದಲು ಬರೆದುಕೊಂಡು ಆಮೇಲೆ ಕೈ ಎತ್ತಿ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ಮರ್ಮ ಗೊತ್ತು: ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಅವನಿಗಿಂತ ಚೊಕ್ಕವಾಗಿ ಹೇಳಿ ಅನಂತರ ಅದರ ಬುಡಕ್ಕೆ ಕೈ ಹಾಕುತ್ತಾನೆ. ‘ನೀವು ಹೀಗೆ ಹೇಳಿದಿರಿ, ಅದಕ್ಕೆ ಈ ಕಾರಣ ಕೊಟ್ಟಿರಿ, ಆದರೆ ಈ ಸಂದರ್ಭದಲ್ಲಿ ಆ ಕಾರಣ ನಿಲ್ಲುತ್ತದೆಯೇ?’ ಇಷ್ಟು ಸಾಕು. ‘ನಮ್ಮ ಉಪನಿಷತ್ತಿನಲ್ಲಿ ಇದೆಲ್ಲ ಮೊದಲೇ ಹೇಳಿದೆಯಲ್ಲ’ ಎಂಬುದು ಪ್ರಶ್ನೆಯಲ್ಲ. ಇಂಗ್ಲಿಷಿನಲ್ಲಿ ತಡವರಿಸುವ ಭಯವಿದ್ದರೆ ಚೀಟಿ ನೋಡಿ ಓದಿ, ಯಾರೂ ತಪ್ಪು ತಿಳಿಯುವುದಿಲ್ಲ.

ಎಲ್ಲರೂ ಎಡವುವ ಹೆಜ್ಜೆ: ಪ್ರಶ್ನೆಯಿಂದ ಸಿನಾಪ್ಸಿಸ್

ನಮ್ಮ ಕಡೆಯ ಅರ್ಜಿಗಳಲ್ಲಿ ಬರುವ ಶೀರ್ಷಿಕೆಯ ಮಾದರಿ ನೋಡಿ: ‘ತ್ರಿವಿಕ್ರಮ ಪಂಡಿತಾಚಾರ್ಯರ ತತ್ವಚಿಂತನೆ: ಒಂದು ಅಧ್ಯಯನ’. ಮಧ್ವಾಚಾರ್ಯರೊಡನೆ ವಾದಿಸಿ ಕೊನೆಗೆ ಅವರ ಶಿಷ್ಯರಾದ ತ್ರಿವಿಕ್ರಮರು ಕಾಸರಗೋಡಿನ ಸೀಮೆಯವರು, ಅಭಿಮಾನ ಸಹಜ. ಆದರೆ ಅಭಿಮಾನ ವಿಷಯ ಕೊಡುತ್ತದೆ, ಪ್ರಶ್ನೆ ಕೊಡುವುದಿಲ್ಲ. ಶೀರ್ಷಿಕೆಯಲ್ಲಿ ‘ಒಂದು ಅಧ್ಯಯನ’ ಎಂದು ಇದ್ದರೆ ಅದನ್ನು ಹೊಡೆದುಹಾಕಿ. ಉಳಿದದ್ದು ಯಾವುದನ್ನೂ ಕೇಳದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಿ.

ಪ್ರಶ್ನೆ ಹೇಗೆ ಬೆಳೆಯುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ನೋಡೋಣ. ನ್ಯಾಯ ಎಂಬ ಭಾರತೀಯ ದರ್ಶನದ ಶಬ್ದಪ್ರಮಾಣದ (ಇನ್ನೊಬ್ಬರ ಮಾತಿನಿಂದ ಅರಿವು ಪಡೆಯುವ ದಾರಿ) ಬಗ್ಗೆ ಉಪನ್ಯಾಸ ಕೇಳಿದ್ದೀರಿ ಎಂದುಕೊಳ್ಳಿ. ನ್ಯಾಯಸೂತ್ರ 1.1.7 ಹೇಳುತ್ತದೆ: ‘ಆಪ್ತೋಪದೇಶಃ ಶಬ್ದಃ’, ಆಪ್ತನ ಮಾತು ಪ್ರಮಾಣ. ಆಪ್ತ ಯಾರು? ಭಾಷ್ಯ ಬರೆದ ವಾತ್ಸ್ಯಾಯನ ಎರಡು ಮಾತು ಹೇಳುತ್ತಾನೆ. ವಿಷಯವನ್ನು ಸಾಕ್ಷಾತ್ ಅರಿತಿರಬೇಕು, ಅರಿತದ್ದನ್ನು ಅರಿತಂತೆ ತಿಳಿಸುವ ಇಚ್ಛೆ ಇರಬೇಕು. ಋಷಿ, ಆರ್ಯ, ಮ್ಲೇಚ್ಛ ಮೂವರಿಗೂ ಈ ಲಕ್ಷಣ ಸಮಾನ ಎಂದೂ ಸೇರಿಸುತ್ತಾನೆ.

ಈಗ ನಿಮ್ಮ ‘ಆದರೆ’ ಬರಲಿ. ಮನೆಯ ವಾಟ್ಸ್‌ಆಪ್ ಗುಂಪಿಗೆ ಸೋದರಮಾವ ಒಂದು ಸುದ್ದಿ ಕಳಿಸುತ್ತಾರೆ. ಮಾವ ಸುಳ್ಳು ಹೇಳುವವರಲ್ಲ, ತಿಳಿಸುವ ಇಚ್ಛೆ ಖಂಡಿತ ಇದೆ. ಆದರೆ ಅವರು ಕಂಡದ್ದಲ್ಲ, ಅವರಿಗೆ ಕಳಿಸಿದವರು ಕಂಡದ್ದೂ ಅಲ್ಲ. ಮಾವ ಆಪ್ತರೇ?

ಇಲ್ಲಿಗೇ ನಿಲ್ಲಿಸಿದರೆ ಅದು ಪತ್ರಿಕೆಯ ಅಂಕಣವಾಗುತ್ತದೆ, ಸಂಶೋಧನೆ ಆಗುವುದಿಲ್ಲ. ಮತ್ತೆ ಗ್ರಂಥಕ್ಕೆ ಹೋಗಿ. ಎರಡನೇ ಅಧ್ಯಾಯದ ಎರಡನೇ ಆಹ್ನಿಕದ (ಉಪವಿಭಾಗ) ಆರಂಭದಲ್ಲೇ ‘ಐತಿಹ್ಯ’ ಎಂಬ ಮಾತು ಸಿಗುತ್ತದೆ. ಯಾರು ಮೊದಲು ಹೇಳಿದರೆಂದು ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಹರಿದು ಬಂದ ಮಾತು ಎಂದು ಭಾಷ್ಯ ಅದನ್ನು ವಿವರಿಸುತ್ತದೆ. ಫಾರ್ವರ್ಡ್ ಸಂದೇಶಕ್ಕೆ ಇದಕ್ಕಿಂತ ಹತ್ತಿರದ ಹಳೆಯ ಹೆಸರು ಸಿಗಲಾರದು. ಸೂತ್ರಕಾರ ಐತಿಹ್ಯವನ್ನು ತಳ್ಳಿಹಾಕುವುದಿಲ್ಲ, ಬೇರೆ ಪ್ರಮಾಣವೆಂದೂ ಒಪ್ಪುವುದಿಲ್ಲ, ಶಬ್ದದೊಳಗೇ ಸೇರಿಸುತ್ತಾನೆ. ಸಿಕ್ಕು ಬಿದ್ದದ್ದು ಇಲ್ಲೇ. ಸಾಕ್ಷಾತ್ ಅರಿತವನ ಮಾತು ಮಾತ್ರ ಶಬ್ದವಾದರೆ, ಹೇಳಿದವನೇ ಗೊತ್ತಿಲ್ಲದ ಮಾತು ಶಬ್ದದೊಳಗೆ ಹೇಗೆ ಕೂರುತ್ತದೆ?

ಇದು ಸಂಶೋಧನಾ ಪ್ರಶ್ನೆ. ಇದರಲ್ಲಿ ಮೂರು ಗುಣ ಇರುವುದನ್ನು ಗಮನಿಸಿ. ಬೆರಳಿಟ್ಟು ತೋರಿಸಬಹುದಾದ ಎರಡು ಗ್ರಂಥಭಾಗಗಳ ನಡುವೆ ಹುಟ್ಟಿದೆ. ಒಂದಕ್ಕಿಂತ ಹೆಚ್ಚು ಉತ್ತರ ಸಾಧ್ಯ: ಮೊದಲು ಹೇಳಿದವನು ಆಪ್ತನೆಂದು ಊಹಿಸಿಕೊಳ್ಳುತ್ತೇವೆ ಎನ್ನಬಹುದು, ಮಾತಿನ ಸರಪಳಿಯ ಪ್ರತಿ ಕೊಂಡಿಯನ್ನೂ ಪರೀಕ್ಷಿಸಬೇಕು ಎನ್ನಬಹುದು. ಎದುರಾಳಿಯೂ ಇದ್ದಾನೆ. ಹಾಗೆ ಊಹಿಸುವುದಾದರೆ ಅದು ಅನುಮಾನವೇ (ಕಂಡದ್ದರಿಂದ ತರ್ಕಿಸಿ ಅರಿಯುವುದು) ಆಯಿತಲ್ಲ ಎಂದು ಶಬ್ದವನ್ನು ಅನುಮಾನದಲ್ಲಿ ಸೇರಿಸುವ ವೈಶೇಷಿಕ ದರ್ಶನದವರು ಕೇಳುತ್ತಾರೆ, ಪ್ರತ್ಯಕ್ಷ ಮತ್ತು ಅನುಮಾನ ಎರಡನ್ನೇ ಒಪ್ಪುವ, ತಾರ್ಕಿಕ ದಿಙ್ನಾಗನ ಕಡೆಯ ಬೌದ್ಧರೂ ಕೇಳುತ್ತಾರೆ. ಈ ಮೂರರಲ್ಲಿ ಒಂದು ತಪ್ಪಿದರೂ ಪ್ರಬಂಧ ಐದನೇ ತಿಂಗಳಲ್ಲಿ ನಿಂತುಬಿಡುತ್ತದೆ.

ಇನ್ನು ಬರೆಯುವುದು. ಮೊದಲ ಕರಡು 600 ಪದ ಮೀರದಿರಲಿ. ಸಮಸ್ಯೆಗೆ 150 ಪದ, ಯಾವ ಗ್ರಂಥದ ಯಾವ ಭಾಗ ಎಂಬುದಕ್ಕೆ 100, ಈವರೆಗೆ ಇತರರು ಹೇಳಿದ್ದಕ್ಕೆ 150, ವಿಧಾನಕ್ಕೆ 100, ಅಧ್ಯಾಯಗಳ ಯೋಜನೆಗೆ 100. ವಿಶ್ವವಿದ್ಯಾಲಯ ಕೇಳುವ ಉದ್ದಕ್ಕೆ ಆಮೇಲೆ ಹಿಗ್ಗಿಸಬಹುದು. ದೊಡ್ಡದನ್ನು ಬರೆದು ಕುಗ್ಗಿಸಲು ಹೋದರೆ ಪ್ರಶ್ನೆಯೇ ಕತ್ತರಿಗೆ ಸಿಗುತ್ತದೆ. ವಿಧಾನದ ಜಾಗದಲ್ಲಿ ‘ವಿವರಣಾತ್ಮಕ, ವಿಶ್ಲೇಷಣಾತ್ಮಕ ಮತ್ತು ತೌಲನಿಕ’ ಎಂಬ ಸಿದ್ಧ ಸಾಲು ಬೇಡ. ಯಾವ ವ್ಯಾಖ್ಯಾನವನ್ನು ಯಾವುದರ ಪಕ್ಕ ಇಟ್ಟು ಓದುತ್ತೀರಿ, ಸಂಸ್ಕೃತದಲ್ಲೋ ಅನುವಾದದಲ್ಲೋ, ಅದನ್ನು ಬರೆಯಿರಿ. ಫಾರಂನಲ್ಲಿ ಹೈಪಾಥಿಸಿಸ್ ಎಂಬ ಕಾಲಂ ಇದ್ದರೆ ಗಾಬರಿಯಾಗಿ 200 ಜನರಿಗೆ ಪ್ರಶ್ನಾವಳಿ ಹಂಚುವ ಯೋಜನೆ ಹಾಕಬೇಡಿ. ನೀವು ಸಮರ್ಥಿಸಲು ಹೊರಟ ಉತ್ತರವನ್ನು ಒಂದು ವಾಕ್ಯದಲ್ಲಿ ಹೇಳಿ, ಸಾಕು.

ಸಿನಾಪ್ಸಿಸ್ ಬರೆದುಕೊಡುವ ಅಂಗಡಿಗಳಿಗೆ ದುಡ್ಡು ಸುರಿಯಬೇಡಿ. ಒಂದೇ ಅಚ್ಚಿನಲ್ಲಿ ಹೆಸರು ಬದಲಿಸಿ ಕೊಡುತ್ತಾರೆ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಎಐ ಬರೆದದ್ದನ್ನು ಹಾಗೆಯೇ ಹಾಕುವುದೂ ಬೇಡ, ಇಲ್ಲದ ಪುಸ್ತಕವನ್ನೂ ಇಲ್ಲದ ಪುಟವನ್ನೂ ಅದು ನಿರಾಳವಾಗಿ ಉಲ್ಲೇಖಿಸುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಪ್ರಬಂಧದಲ್ಲಿ ಶೇ. 60 ದಾಟಿದರೆ ನೋಂದಣಿಯೇ ರದ್ದು. ‘ಕೇರ್ ಪಟ್ಟಿಯ ಪತ್ರಿಕೆ, ವಾರದಲ್ಲಿ ಪ್ರಕಟಣೆ’ ಎಂದು ಹಣ ಕೇಳುವವರಿಂದಲೂ ದೂರವಿರಿ. ಮಾನ್ಯ ಪತ್ರಿಕೆಗಳ ಆ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದೆ.

ಗೈಡ್‌ಗೆ ಪತ್ರ

ಉಪನ್ಯಾಸ ಮುಗಿದ ಎರಡು ಮೂರು ದಿನದೊಳಗೆ ಭಾಷಣಕಾರರಿಗೆ ಇಮೇಲ್ ಮಾಡಿ, ಮುಂದೆ ನಿಮ್ಮ ಗೈಡ್ (ಸಂಶೋಧನಾ ಮಾರ್ಗದರ್ಶಕರು) ಆಗಬಹುದಾದವರು ಅವರೇ. ವಾಟ್ಸ್‌ಆಪ್ ಬೇಡ. ನಲವತ್ತು ಜನರಿಗೆ ಒಂದೇ ಪತ್ರ ಕಳಿಸುವುದು ಇನ್ನೂ ಬೇಡ. 150 ಪದ ಸಾಕು: ‘ಮೇಡಂ, ನಿಮ್ಮ ಉಪನ್ಯಾಸದಲ್ಲಿ ಆಪ್ತನ ಲಕ್ಷಣ ವಿವರಿಸಿದಿರಿ. ಐತಿಹ್ಯವನ್ನು ಶಬ್ದದಲ್ಲಿ ಸೇರಿಸುವ ಸೂತ್ರದ ಜೊತೆ ಅದು ಹೇಗೆ ಹೊಂದುತ್ತದೆ ಎಂಬುದು ನನಗೆ ಬಿಡಿಸಲಾಗದ ಗಂಟು. ಈ ಬಗ್ಗೆ ಒಂದು ಪುಟ ಬರೆದು ಲಗತ್ತಿಸಿದ್ದೇನೆ. ಮುಂದೆ ಏನು ಓದಬೇಕೆಂದು ತಿಳಿಸಿದರೆ ಉಪಕಾರ.’ ಸೀಟು ಕೇಳುವುದು ಎರಡನೇ ಪತ್ರದಲ್ಲಿ. ಆಗ ಜಾಗ ಖಾಲಿ ಇದೆಯೇ ಎಂದು ನೇರ ಕೇಳಿ, ಅದರಲ್ಲಿ ಸಂಕೋಚ ಬೇಡ. 2022ರ ಯುಜಿಸಿ ನಿಯಮದಂತೆ ಪ್ರೊಫೆಸರ್ ಬಳಿ ಒಂದು ಹೊತ್ತಿಗೆ 8, ಅಸೋಸಿಯೇಟ್ ಬಳಿ 6, ಅಸಿಸ್ಟೆಂಟ್ ಬಳಿ 4 ಪಿಎಚ್‌ಡಿ ವಿದ್ಯಾರ್ಥಿಗಳಿಗಷ್ಟೇ ಅವಕಾಶ. ತುಂಬಿದ್ದರೆ ಎಷ್ಟು ಒಳ್ಳೆಯ ಸಿನಾಪ್ಸಿಸ್ ಆದರೂ ಅಲ್ಲಿ ಪ್ರಯೋಜನವಿಲ್ಲ.

ಯಾವ ಬಾಗಿಲು?

ಮುಖ್ಯ ಬಾಗಿಲು ಯುಜಿಸಿ ನೆಟ್. ತತ್ವಶಾಸ್ತ್ರದ ವಿಷಯ ಸಂಖ್ಯೆ 03. ಎಂಎಯಲ್ಲಿ ಶೇ. 55 ಬೇಕು, ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಒಬಿಸಿಯವರಿಗೆ, ಅಂಗವಿಕಲರಿಗೆ ಶೇ. 50. ಜೆಆರ್‌ಎಫ್‌ಗೆ (ಜೂನಿಯರ್ ರಿಸರ್ಚ್ ಫೆಲೋಶಿಪ್, ಸಂಶೋಧನೆಗೆ ಸಿಗುವ ತಿಂಗಳ ಹಣ) ವಯಸ್ಸಿನ ಮಿತಿ 30, ಮಹಿಳೆಯರಿಗೂ ಈಗ ಹೇಳಿದ ಮೀಸಲಾತಿಯವರಿಗೂ 5 ವರ್ಷ ಸಡಿಲಿಕೆ. ಮೂರು ಗಂಟೆಯಲ್ಲಿ 150 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆದರೆ ಭಾರತೀಯ ದರ್ಶನದ ಭಾಗದಲ್ಲಿ ಬರುವ ಹೇತು, ವ್ಯಾಪ್ತಿ, ಉಪಾಧಿ, ಅಧ್ಯಾಸ ಎಲ್ಲವೂ ಕನ್ನಡದ ಓದುಗರಿಗೆ ಕಿವಿಗೆ ಬಿದ್ದ ಮಾತುಗಳೇ. ಅಲ್ಲಿ ಗಳಿಸಿ, ಉಳಿದ ಶ್ರಮ ತರ್ಕಶಾಸ್ತ್ರದ ಘಟಕಕ್ಕೆ ಹಾಕಿ. ದಿನವೂ ಹತ್ತು ಲೆಕ್ಕ ಬಿಡಿಸಿದರೆ ಗಟ್ಟಿಯಾಗಿ ಅಂಕ ಕೊಡುವ ಭಾಗ ಅದೇ. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್ ತಪ್ಪಿದರೂ 2024ರ ಜೂನ್‌ನಿಂದ ನೆಟ್ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಬರುತ್ತದೆ, ಶೇ. 70 ಅದಕ್ಕೆ, ಶೇ. 30 ಸಂದರ್ಶನಕ್ಕೆ. ಈ ಅಂಕಕ್ಕೆ ಆಯುಸ್ಸು ಒಂದೇ ವರ್ಷ.

ಕನ್ನಡ ಎಂಎ ಆದವರು ತತ್ವಶಾಸ್ತ್ರಕ್ಕೆ ಬರಬೇಕೆಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಎಂಎ ತತ್ವಶಾಸ್ತ್ರ ಇದೆ, ಕೆಲಸ ಮಾಡುತ್ತಲೇ ಓದಬಹುದು.

1977ರಲ್ಲಿ ಸ್ಥಾಪನೆಯಾದ ಭಾರತೀಯ ತತ್ವಶಾಸ್ತ್ರ ಸಂಶೋಧನಾ ಪರಿಷತ್ತು, ಎಲ್ಲರ ಬಾಯಲ್ಲಿ ಐಸಿಪಿಆರ್, ಜೂನಿಯರ್ ಫೆಲೋಶಿಪ್‌ನಿಂದ ನ್ಯಾಷನಲ್ ಫೆಲೋಶಿಪ್‌ವರೆಗೆ ಕೊಡುತ್ತದೆ. ಯುವ ವಿದ್ವಾಂಸರಿಗೆ ಪ್ರಬಂಧ ಸ್ಪರ್ಧೆಯನ್ನೂ ನಡೆಸುತ್ತದೆ, ಎಂಎ ಓದುತ್ತಿರುವಾಗಲೇ ಅದಕ್ಕೆ ಬರೆಯಿರಿ. ಪ್ರಾಜೆಕ್ಟ್ ಫೆಲೋ, ರಿಸರ್ಚ್ ಅಸಿಸ್ಟೆಂಟ್ ಹುದ್ದೆಗಳು ಪ್ರಾಜೆಕ್ಟ್ ಮುಗಿದ ದಿನ ಮುಗಿಯುತ್ತವೆ. ಸೇರುವ ಮೊದಲೇ ಮೂರು ಸಂಗತಿ ಕೇಳಿ: ಎಷ್ಟು ತಿಂಗಳು, ಜೊತೆಗೆ ಪಿಎಚ್‌ಡಿಗೆ ನೋಂದಾಯಿಸಬಹುದೇ, ಪ್ರಕಟಣೆಯಲ್ಲಿ ನಿಮ್ಮ ಹೆಸರು ಬರುತ್ತದೆಯೇ.

ಕಾಗದಪತ್ರ

ಕೇರಳದಲ್ಲಿ ವಿಲೇಜ್ ಆಫೀಸಿನಿಂದ ಸಿಗುವ ಕೆನೆಪದರೇತರ ಸರ್ಟಿಫಿಕೇಟು ರಾಜ್ಯದ ಉಪಯೋಗಕ್ಕೆ. ನೆಟ್ ಮತ್ತು ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ನಮೂನೆಯದ್ದು, ತಹಶೀಲ್ದಾರರು ಕೊಡುವುದು ಬೇಕು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸುವಾಗ ಇದನ್ನು ಬಾಯಿಬಿಟ್ಟು ಹೇಳಿ. ಎಸ್ಸೆಸ್ಸೆಲ್ಸಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಮನೆತನದ ಪೂರ್ತಿ ಹೆಸರು ಇದ್ದರೆ ಅರ್ಜಿಗೆ ಮೊದಲೇ ಸರಿಮಾಡಿಸಿ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಅಲ್ಲಿನ ರಾಜ್ಯ ಮೀಸಲಾತಿ ಕೇರಳದವರಿಗೆ ಅನ್ವಯಿಸುವುದಿಲ್ಲ. ಗಡಿನಾಡ ಕನ್ನಡಿಗರಿಗೆ ಸೀಟು ಇಟ್ಟಿದ್ದಾರೆಯೇ ಎಂದು ಪ್ರಕಟಣೆಯನ್ನು ಕೊನೆಯ ಪುಟದವರೆಗೂ ಓದಿ.

ಸಂದರ್ಶನ

ಮೂಲಗ್ರಂಥದ ಆ ಎರಡು ಭಾಗಗಳನ್ನು ಪ್ರಿಂಟ್ ತೆಗೆದು, ಸಾಲಿಗೆ ಗುರುತು ಹಾಕಿ ಫೈಲಿನಲ್ಲಿ ಮೇಲೆಯೇ ಇಡಿ. ‘ಇದು ಎಲ್ಲಿ ಹೇಳಿದೆ?’ ಎಂಬ ಪ್ರಶ್ನೆ ಬಂದಾಗ ತೆರೆದು ತೋರಿಸಿ. ‘ನಿಮ್ಮ ಉತ್ತರ ತಪ್ಪೆಂದು ಗೊತ್ತಾದರೆ ಏನು ಮಾಡುತ್ತೀರಿ?’ ಎಂದೂ ಕೇಳಬಹುದು. ಆಗ ವೈಶೇಷಿಕರ ಮಾತನ್ನು ಅವರಿಗಿಂತ ಚೊಕ್ಕವಾಗಿ ಹೇಳಿ, ಅದು ಗೆದ್ದರೆ ಮೂರನೇ ಅಧ್ಯಾಯ ಹೇಗೆ ಬದಲಾಗುತ್ತದೆ ಎಂದು ವಿವರಿಸಿ. ಗೊತ್ತಿಲ್ಲದ್ದಕ್ಕೆ ‘ಅದನ್ನು ಇನ್ನೂ ಓದಿಲ್ಲ’ ಎಂದು ಹೇಳಿ, ಪುಸ್ತಕದ ಹೆಸರು ಕೇಳಿ, ಅಲ್ಲೇ ಬರೆದುಕೊಳ್ಳಿ.