ಜಯಲಕ್ಷ್ಮಿ ವಿಲಾಸದ ಅಳತೆ ತೆಗೆದ ಅನುಭವ

ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ ಬಂಗಲೆಯನ್ನು ಹೆಚ್ಚಿನವರು ಎದುರಿಗೆ ನಿಂತು ಫೋಟೊ ತೆಗೆದು, 'ಯುರೋಪಿನ ಶೈಲಿ' ಅಂದು ಮುಂದೆ ಹೋಗಿಬಿಡುತ್ತಾರೆ. ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯೋದು ನನ್ನ ಕೆಲಸ. ಇದರ ನಕ್ಷೆ ಬರೆಯುತ್ತಾ ಹೋದಂತೆ ಆ ಮಾತು ಅರ್ಧ ಮಾತ್ರ ನಿಜ ಅನ್ನಿಸಿತು. ಹೊರಗೆ ನಿಂತಿರೋದು ಗ್ರೀಕ್ ಕಂಬ, ಆದರೆ ಒಳಗೆ ನಡುವೆ ಇರೋದು ನಮ್ಮ ಕಲ್ಯಾಣ ಮಂಟಪ.

ಟೇಪ್ ಹಿಡಿಯುವ ಮೊದಲು ಮನೆ ಯಾರಿಗಾಗಿ ಕಟ್ಟಿದ್ದು ಅಂತ ತಿಳಿದುಕೊಳ್ಳುತ್ತೇನೆ. ಹತ್ತನೇ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಮನೆ ಇದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿದ್ದು ಇವರದೇ ಮದುವೆಯ ಸಮಯದಲ್ಲಿ. ಗಂಡ ಕಾಂತರಾಜ ಅರಸು 1919ರಲ್ಲಿ ಮೈಸೂರಿನ ದಿವಾನರಾದರು. ಮಗಳ ಮನೆ, ಜೊತೆಗೆ ದೊಡ್ಡವರು ಬಂದುಹೋಗುವ ಮನೆ. ಇಷ್ಟು ಗೊತ್ತಿದ್ದರೆ ಮುಂಭಾಗದ ಠೀವಿ ಯಾಕೆ, ನಡುವಿನ ಮಂಟಪ ಯಾಕೆ ಅನ್ನೋದು ತಾನಾಗಿ ಅರ್ಥವಾಗುತ್ತೆ ಅಲ್ವಾ?

ಮುಂಭಾಗದಿಂದ ಶುರು ಮಾಡಿದೆ. ಉತ್ತರ, ದಕ್ಷಿಣ ಅಂತ ಎರಡು ರೆಕ್ಕೆ, ಅಂದ್ರೆ ಕಟ್ಟಡದ ಪಕ್ಕದ ಭಾಗಗಳು, ನಡುವೆ ಪೋರ್ಟಿಕೊ, ಅಂದ್ರೆ ಕಂಬಗಳ ಮುಖಮಂಟಪ, ಜೋಡಿ ಜೋಡಿ ಕಂಬಗಳು. ಕಂಬದ ತಲೆಯಲ್ಲಿ ಎರಡೂ ಕಡೆ ಸುರುಳಿ ಇದ್ದರೆ ಅಯಾನಿಕ್, ಎಲೆಗಳ ಗೊಂಚಲು ಇದ್ದರೆ ಕೊರಿಂಥಿಯನ್. ಇಲ್ಲಿ ಎರಡೂ ಇವೆ. ಅಳೆಯುವಾಗ ಒಂದು ಕಂಬದ ಅಂಚಿನಿಂದ ಇನ್ನೊಂದರ ಅಂಚಿಗೆ ಟೇಪ್ ಇಡಬೇಡಿ, ನಡುವಿನಿಂದ ನಡುವಿಗೆ ಇಡಿ, ಯಾಕಂದ್ರೆ ವರ್ಷಗಳಿಂದ ಬಳಿದ ಬಣ್ಣ, ಸುಣ್ಣ ಎಲ್ಲ ಕಡೆ ಒಂದೇ ದಪ್ಪ ಇರೋದಿಲ್ಲ. ಟೇಪಿನ ಸೊನ್ನೆಯನ್ನು ಒಂದು ತುದಿಯಲ್ಲೇ ಬಿಟ್ಟು ಉದ್ದಕ್ಕೂ ಓದುತ್ತಾ ಹೋಗಬೇಕು. ಬಿಡಿ ಬಿಡಿಯಾಗಿ ಅಳೆದು ಕೂಡಿಸಿದರೆ ಚಿಕ್ಕ ಚಿಕ್ಕ ವ್ಯತ್ಯಾಸ ಸೇರಿ ಇಡೀ ರೆಕ್ಕೆಯೇ ಉದ್ದವಾಗಿಬಿಡುತ್ತೆ. ಗೋಡೆಯ ಮೇಲಿನ ಅಲಂಕಾರ ನೋಡೋಕೆ ನಡು ಮಧ್ಯಾಹ್ನ ಪ್ರಯೋಜನವಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ನೆರಳೇ ಗೆರೆ ತೋರಿಸುತ್ತೆ.

ನನಗೆ ತುಂಬಾ ಇಷ್ಟವಾದ ಕೆಲಸ ಕಲ್ಯಾಣ ಮಂಟಪದ್ದು. ಎಂಟು ದಳದ ಗುಮ್ಮಟ, ಬಣ್ಣದ ಗಾಜಿನ ಕಿಟಕಿಗಳು. ಏಣಿ ಹಾಕಿ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ನೆಲದ ಮೇಲೆ ಎದುರುಬದುರು ಮೂಲೆಗಳಿಗೆ ದಾರ ಎಳೆದು ನಡುಬಿಂದು ಹುಡುಕಿದೆ. ಅಲ್ಲಿ ಕ್ಯಾಮೆರಾವನ್ನು ಮೇಲ್ಮುಖವಾಗಿ ಮಲಗಿಸಿ, ಮಟ್ಟ ನೋಡಿ, ಚಿತ್ರ ತೆಗೆದೆ. ಎತ್ತರಕ್ಕೆ ಲೇಸರ್ ಮೀಟರ್. ಆಮೇಲೆ ನೆಲದ ನಕ್ಷೆಯ ಎಂಟು ಮೂಲೆಗಳ ಮೇಲೆ ಆ ಚಿತ್ರ ಕೂರಿಸಿದಾಗ ಒಂದೊಂದು ದಳವೂ ತನ್ನ ಜಾಗಕ್ಕೆ ಬಂದು ಕೂತಿತು. ಆ ಕ್ಷಣದ ಖುಷಿಗಾಗಿಯೇ ಈ ಕೆಲಸ ಮಾಡ್ತೀನಿ ಅನ್ನಬಹುದು. ಕಟ್ಟಿದವರು ಹೊರಗಿನ ಕಂಬಗಳಿಗೆ ಕೊಟ್ಟಷ್ಟೇ ಗಮನವನ್ನು ಇಲ್ಲೂ ಕೊಟ್ಟಿದ್ದಾರೆ, ಕೈ ಬಿಗಿಮಾಡಿಲ್ಲ.

1959ರಲ್ಲಿ ಕುವೆಂಪು ಕುಲಪತಿಗಳಾಗಿದ್ದಾಗ ಬಂಗಲೆ ಮೈಸೂರು ವಿಶ್ವವಿದ್ಯಾಲಯದ ಕೈಗೆ ಬಂತು. ಮುಂದೆ ಜಾನಪದ ವಸ್ತುಸಂಗ್ರಹಾಲಯ ಇಲ್ಲೇ ನೆಲೆಯಾಯಿತು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಲ್ಲಿ ದೊಡ್ಡ ದುರಸ್ತಿಯೂ ಆಯಿತು. ಹಾಗಾಗಿ ನಕ್ಷೆಯಲ್ಲಿ ಮೂಲದ್ದು ಯಾವುದು, ಆಮೇಲೆ ಸೇರಿದ್ದು ಯಾವುದು ಅಂತ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ. ಖಾತ್ರಿ ಇಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕಿ, ಸುಮ್ನೆ ಊಹೆ ಬರೆದಿಡಬೇಡಿ. ದುರಸ್ತಿ ಮಾಡುವವರು ಮುಂದೆ ಅದನ್ನೇ ನಂಬುತ್ತಾರೆ.

ಉಳಿದ ಇಬ್ಬರು ರಾಜಕುಮಾರಿಯರಿಗೂ ಮೈಸೂರಿನಲ್ಲಿ ಬಂಗಲೆಗಳಿವೆ: ಕಾರಂಜಿ ಬಂಗಲೆ, ಮತ್ತು ಈಗ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇರುವ ಚೆಲುವಾಂಬ ವಿಲಾಸ. ಮೂರನ್ನೂ ಒಂದೇ ಸ್ಕೇಲಿನಲ್ಲಿ ಬರೆದು ಅಕ್ಕಪಕ್ಕ ಇಟ್ಟು ನೋಡಬೇಕು ಅಂತಿದ್ದೇನೆ. ಆ ಎರಡರ ಅಳತೆಗೆ ಅನುಮತಿ ಕೇಳಿ ಪತ್ರ ಬರೆಯೋದು ಮುಂದಿನ ಕೆಲಸ.